ಅಡುಗೆ ಕಟ್ಟೆಯ ಎತ್ತರ

“ಆರೂ ಮುಕ್ಕಾಲು ಲಕ್ಷ!” ಎಂದ ಸೀತಾರಾಮ. ಮಾಡ್ಯುಲರ್ ಕಿಚನ್ ಅಂಗಡಿಯಿಂದ ಹೊರಬಂದು ಸ್ಕೂಟರಿನ ಹತ್ತಿರ ನಿಂತವನು ಹೆಲ್ಮೆಟ್ ಕೈಯಲ್ಲೇ ಹಿಡಿದಿದ್ದ. “ನಮ್ಮಪ್ಪ ಇಡೀ ಮನೆ ಕಟ್ಟಿಸಿದ್ದು ಇದರ ಕಾಲು ಭಾಗದಲ್ಲಿ ಕಣೇ.”

“ನಿಮ್ಮಪ್ಪ ಕಟ್ಟಿಸಿದ ಮನೇಲಿ ಅಡುಗೆ ಮನೆಗೆ ಕಿಟಕೀನೇ ಇರ್ಲಿಲ್ಲ,” ಎನ್ನುತ್ತ ಇಂದುಮತಿ ಹಿಂದಿನ ಸೀಟಿನಲ್ಲಿ ಕೂತಳು.

ಅಹಮದಾಬಾದಿನ ಬೋಪಾಲ್ ಬಡಾವಣೆಯ ಟ್ರಾಫಿಕ್ಕಿನಲ್ಲಿ ಗಂಡನ ಬೆನ್ನು ನೋಡಿಯೇ ಆಕೆಗೆ ಗೊತ್ತಾಯಿತು, ಅವನು ಮನಸ್ಸಿನಲ್ಲಿ ಒಂದೂವರೆ ಲಕ್ಷ ದಾಟುವುದಿಲ್ಲ ಎಂಬ ಗೂಟಕ್ಕೆ ಹಗ್ಗ ಕಟ್ಟಿಕೊಂಡು ಕೂತಿದ್ದಾನೆ.

ಮದುವೆಯಾಗಿ ಹಾಸನ ಬಿಟ್ಟ ಮೇಲೆ ಇಂದುಮತಿ ಅಡುಗೆ ಮಾಡಿದ್ದೆಲ್ಲ ಬೇರೆಯವರ ಅಡುಗೆ ಮನೆಗಳಲ್ಲೇ. ಸೀತಾರಾಮನದು ವಿಮಾ ಕಂಪನಿಯ ನೌಕರಿ, ವರ್ಗವಾದಲ್ಲೆಲ್ಲ ಪಾತ್ರೆಪಗಡಿ ಕಟ್ಟಿಕೊಂಡು ಹೋಗಬೇಕು. ಸೂರತ್‌ನ ಬಾಡಿಗೆ ಮನೆ ಪಾಂಡೇಸರಾ ಕೈಗಾರಿಕಾ ಪ್ರದೇಶದ ಪಕ್ಕದಲ್ಲೇ ಇತ್ತು. ಅಲ್ಲಿ ಕಿಟಕಿ ತೆರೆದರೆ ಬಣ್ಣದ ಮಿಲ್ಲುಗಳ ಘಾಟು ಬಂದು ಇಂಗಿನ ಒಗ್ಗರಣೆಯನ್ನೇ ನುಂಗಿಹಾಕುತ್ತಿತ್ತು. ವಡೋದರಾದ ಕ್ವಾರ್ಟರ್ಸ್‌ನಲ್ಲಿ ಗೋಡೆಗೊಂದು ಮೊಳೆ ಹೊಡೆಯುವುದಕ್ಕೂ ಅರ್ಜಿ ಕೊಡಬೇಕಾಗಿತ್ತು. ನಿವೃತ್ತಿ ಹತ್ತಿರ ಬಂದಾಗ ಅಹಮದಾಬಾದಿನಲ್ಲೇ ನೆಲೆಯೂರುವುದೆಂದು ಬೋಪಾಲ್‌ನ ಈ ಫ್ಲ್ಯಾಟ್ ಕೊಂಡರು. ಬಾಗಿಲ ಮೇಲೆ ಅವರ ಹೆಸರು ಬಂತು. ಅಡುಗೆ ಮನೆ ಮಾತ್ರ ಹಿಂದಿನ ಮಾಲೀಕರದಾಗಿಯೇ ಉಳಿಯಿತು. ಬೀರು ಬಾಗಿಲುಗಳು ಒಂದೇ ಕೀಲಿನಲ್ಲಿ ಜೋತಾಡುತ್ತಿದ್ದವು, ಸಿಂಕ್ ಸೋರುತ್ತಿತ್ತು, ಗ್ರೈಂಡರ್ ಇಡಲು ಜಾಗವಿಲ್ಲದೆ ಅದು ವಾಷಿಂಗ್ ಮೆಷೀನಿನ ಪಕ್ಕದಲ್ಲಿ ತಿರುಗುತ್ತಿತ್ತು.

ಆ ಮಾಲೀಕರ ಮನೆಮಂದಿಯೆಲ್ಲ ಎತ್ತರದ ಆಳುಗಳು. ಅಡುಗೆ ಕಟ್ಟೆಯನ್ನೂ ತಮ್ಮ ಅಳತೆಗೆ ಏರಿಸಿಕೊಂಡಿದ್ದರು. ಇಂದುಮತಿ ಗಿಡ್ಡ, ಒಲೆಯ ಮುಂದೆ ಮಣೆ ಹಾಕಿಕೊಂಡು ಅದರ ಮೇಲೆ ನಿಂತು ಅಡುಗೆ ಮಾಡುತ್ತಿದ್ದಳು. ಗಂಡನ ಮುಂದೆ ಸಿಂಕ್, ಬೀರು, ಗ್ರೈಂಡರ್ ಎಲ್ಲದರ ದೂರು ಹೇಳಿದ್ದರೂ ಎತ್ತರದ ಮಾತು ಎತ್ತಿರಲಿಲ್ಲ. ಯಾವ ಊರಿನ ಯಾವ ಕಟ್ಟೆ ತಾನೇ ತನ್ನ ಅಳತೆಗಿತ್ತು? ಅದೂ ಒಂದು ದೂರು ಎಂದು ಆಕೆಗೇ ತೋಚಿರಲಿಲ್ಲ.

ಮನೆಗೆ ಬಂದ ಮೇಲೆ ಸೀತಾರಾಮ ಸೋಫಾದಲ್ಲಿ ಕಾಲು ಚಾಚಿ ಹೇಳಿದ: “ಬೀರುಗಳಿಗೆ ಹೊಸ ಬಾಗಿಲು, ಹೊಸ ಸಿಂಕು, ಒಂದು ಚಿಮಣಿ. ಒಂದೂವರೆಯಲ್ಲಿ ಮುಗಿಯತ್ತೆ. ಇಷ್ಟು ವರ್ಷ ಇದಕ್ಕಿಂತ ಕೆಟ್ಟ ಅಡುಗೆ ಮನೇಲಿ ಮಾಡ್ಲಿಲ್ವೇನೇ ನೀನು?”

ಆ ಕೊನೆಯ ಮಾತು ಇಂದುಮತಿಗೆ ಚುರುಕ್ಕೆಂದಿತು.

“ಹಾಗಿದ್ರೆ ಒಂದು ಕೆಲಸ ಮಾಡಿ. ನಾಳೆಯಿಂದ ಭಾನುವಾರದವರೆಗೆ ಅಡುಗೆ ನಿಮ್ಮದು. ನಾನು ಒಳಗೆ ಕಾಲಿಡಲ್ಲ. ಆಮೇಲೆ ಎಷ್ಟು ಖರ್ಚು ಮಾಡ್ಬೇಕು ಅಂತ ನೀವೇ ಹೇಳಿ. ನೀವು ಹೇಳಿದ್ದಕ್ಕೆ ನಾನು ಹೂಂ ಅಂತೀನಿ.”

“ಮಾತು ಮಾತೇ ತಾನೇ?”

“ಮಾತು ಮಾತೇ.”

ಮೊದಲ ದಿನ ಹುಳಿ ತಳ ಹಿಡಿಯಿತು. ಇಂದುಮತಿ ತುಟಿಪಿಟಕ್ಕೆನ್ನದೆ ಉಂಡು, ಬಾಲ್ಕನಿಗೆ ಹೋಗಿ ಒಬ್ಬಳೇ ನಕ್ಕಳು. ಎರಡನೆಯ ದಿನ ಅನ್ನ ಮುದ್ದೆಯಾಯಿತು. ಇನ್ನೇನು ಶರಣಾಗುತ್ತಾನೆ ಎಂದುಕೊಳ್ಳುವಷ್ಟರಲ್ಲಿ ಎದುರು ಮನೆಯ ಹೇತಲ್‌ಬೆನ್ ಬಂದಳು. ಗಂಡಸು ಒಲೆಯ ಮುಂದೆ ನಿಂತಿರುವುದನ್ನು ಕಂಡು ಆಕೆಗೆ ಎಲ್ಲಿಲ್ಲದ ಹುರುಪು. “ವಾಹ್, ಸೀತಾರಾಮ್‌ಭಾಯಿ!” ಎಂದು ಅವನಿಗೆ ಥೇಪ್ಲಾ ರೊಟ್ಟಿ ಲಟ್ಟಿಸುವುದನ್ನು ಹೇಳಿಕೊಟ್ಟೇ ಹೋದಳು. ಅಲ್ಲಿಂದ ಅವನ ಕೈ ಕುದುರಿತು. ಫೋನಿನಲ್ಲಿ ಅಕ್ಕನನ್ನು ಕೇಳಿ ಗೊಜ್ಜು ಮಾಡಿದ. ಹಾಡು ಹಾಕಿಕೊಂಡು ಬೀನ್ಸ್ ಹೆಚ್ಚಿದ. ಕಾಲಿಗೆ ಅಡ್ಡ ಬರುತ್ತದೆಂದು ಮಣೆಯನ್ನು ಒಯ್ದು ಬಾಲ್ಕನಿಯಲ್ಲಿ ತುಳಸಿ ಕುಂಡದ ಕೆಳಗಿಟ್ಟ.

ಬೆಳಿಗ್ಗೆ ಎದ್ದರೆ ಕಾಫಿ ಕೈಗೇ ಬರತೊಡಗಿತು. ಇಂದುಮತಿಗೆ ಸುಖವೆನಿಸಿತು, ಸುಳ್ಳೇಕೆ? ಆದರೆ ಶುಕ್ರವಾರ ರಾತ್ರಿ ಊಟ ಬಡಿಸುತ್ತ ಅವನೆಂದ:

“ಇಂದು, ನಿಜ ಹೇಳ್ಲಾ? ಈ ಅಡುಗೆ ಮನೆ ಬಹಳ ಚೆನ್ನಾಗಿದೆ. ನಿಂತು ಕೆಲಸ ಮಾಡೋಕೆ ಎಷ್ಟು ಅನುಕೂಲ! ಬೆನ್ನು ಬಗ್ಗಿಸೋದೇ ಬೇಡ. ಒಂದೂವರೇನೂ ಜಾಸ್ತಿ ಆಯ್ತು. ಐವತ್ತು ಸಾವಿರ ಸಾಕು.”

ಇಂದುಮತಿಯ ತುತ್ತು ಬಾಯಲ್ಲೇ ಉಳಿಯಿತು. ತಾನೇ ತೋಡಿದ ಹಳ್ಳ. ಮಾತು ಕೊಟ್ಟಾಗಿದೆ, ಹಿಂತೆಗೆಯುವ ಹಾಗಿಲ್ಲ. ಅದಕ್ಕಿಂತ ಹೆಚ್ಚಾಗಿ ಚುಚ್ಚಿದ್ದು ಬೇರೆ: ಇಷ್ಟು ವರ್ಷ ಒದ್ದಾಡಿದ ತಾನು ದಡ್ಡಿ, ನಾಲ್ಕು ದಿನ ಹಾಡು ಹಾಕಿಕೊಂಡು ಅಡುಗೆ ಮಾಡಿದ ಇವನು ಜಾಣ ಎಂದಾಯಿತಲ್ಲ! ಆ ರಾತ್ರಿ ಪಾತ್ರೆಯನ್ನೂ ಅವನೇ ತೊಳೆದಿಟ್ಟ. ಬೈಯಲು ನೆಪವೂ ಸಿಗಲಿಲ್ಲ.

ಭಾನುವಾರ ಊಟಕ್ಕೆ ಸೀತಾರಾಮನ ಹಳೆಯ ಸಹೋದ್ಯೋಗಿ ಉಮಾಕಾಂತ, ಅವನ ಹೆಂಡತಿ ಗಿರಿಜಾ ವಡೋದರಾದಿಂದ ಬರುವವರಿದ್ದರು. ಅಲ್ಲಿಯೇ ಕೆಲಸದಲ್ಲಿದ್ದ ಇಂದುಮತಿಯ ಮಗಳು ವಿಂಧ್ಯಾಳೂ ಅವರ ಕಾರಿನಲ್ಲೇ ಬರುತ್ತೇನೆಂದಿದ್ದಳು. ಸೀತಾರಾಮ ಬೆಳಿಗ್ಗೆಯೇ ಕಡಲೆಬೇಳೆ ರುಬ್ಬಿ ಅಂಬೊಡೆ ಕರಿಯಲು ನಿಂತ. ಮೊದಲನೆಯ ಸುತ್ತು ಬಾಣಲೆಗೆ ಬಿಟ್ಟದ್ದೇ ತಡ, ಕೆಳಗೆ ಹಾರ್ನ್ ಕೇಳಿಸಿತು. ಗೇಟಿನ ವಾಚ್‌ಮನ್ ಕಾರು ಬಿಡುತ್ತಿಲ್ಲ ಎಂದು ಉಮಾಕಾಂತನ ಫೋನು.

“ಇಂದು, ಒಂದು ನಿಮಿಷ ನೋಡ್ಕೋ. ಕೆಂಪಗಾದ ತಕ್ಷಣ ತೆಗಿ,” ಎಂದು ಅವನು ಬಾಲ್ಕನಿಗೆ ಓಡಿ, ಮೇಲಿನಿಂದಲೇ ವಾಚ್‌ಮನ್‌ಗೆ ಕೂಗಿ ಹೇಳತೊಡಗಿದ.

ಇಂದುಮತಿ ಜಾಲರಿ ಸೌಟು ಹಿಡಿದು ಒಲೆಯ ಮುಂದೆ ನಿಂತಳು. ಮಣೆಯಿಲ್ಲ. ಅತಿಥಿಗಳಿಗೆಂದು ಅವನು ತಂದ ಹೊಸ ದೊಡ್ಡ ಬಾಣಲೆ, ಎತ್ತರದ ಒಲೆ. ತುದಿಗಾಲಲ್ಲಿ ನಿಂತರೂ ಬಾಣಲೆಯ ಅಂಚೇ ಕಂಡಿತು, ಎಣ್ಣೆ ಕಾಣಲಿಲ್ಲ. ಕುರುಡು ಲೆಕ್ಕದಲ್ಲಿ ಜಾಲರಿ ಆಡಿಸಿದಳು. ಎಣ್ಣೆ ಚಟ್ಟೆಂದು ಮುಂಗೈಗೆ ಸಿಡಿಯಿತು.

“ರೀ! ಬನ್ನಿ ಇಲ್ಲಿ!”

“ಕೆಂಪಾಯ್ತಾ?”

“ನನಗೇನು ಗೊತ್ತು? ಕಾಣ್ಬೇಕಲ್ಲ!”

ಅವನು ಓಡಿ ಬಂದು ಒಲೆ ಆರಿಸಿದ. ಆಕೆಯ ಕೈಯನ್ನು ನಲ್ಲಿಯ ಕೆಳಗೆ ಹಿಡಿದ. ದೊಡ್ಡದೇನಲ್ಲ, ಒಂದು ಕೆಂಪು ಚುಕ್ಕೆ. “ಕಾಣಲ್ಲ ಅಂದ್ರೆ?” ಎಂದ.

“ಕಾಣಲ್ಲ ಅಂದ್ರೆ ಕಾಣಲ್ಲ. ಮಣೆ ಎತ್ತಿ ತುಳಸಿಗೆ ಕೊಟ್ಟಿದ್ದೀರಲ್ಲ.”

“ಆ ಮಣೆ... ನೆಲ ತಣ್ಣಗಿರತ್ತೆ ಅಂತ ಹಾಕ್ಕೊಂಡಿದ್ದೀಯ ಅಂದ್ಕೊಂಡಿದ್ದೆ.”

“ಅಹಮದಾಬಾದಿನ ಮೇ ತಿಂಗಳಲ್ಲಿ ನೆಲ ತಣ್ಣಗಿರತ್ತಾ? ಸೂರತ್‌ನಲ್ಲಿ ಇಟ್ಟಿಗೆ ಜೋಡಿಸ್ಕೊಂಡು ನಿಲ್ತಿದ್ದೆ. ನೀವು ದಿನಾ ಅಲ್ಲೇ ಕಾಫಿ ಕುಡೀತಿದ್ರಿ.”

ಇಷ್ಟು ದೊಡ್ಡ ದೂರು ತನ್ನೊಳಗಿತ್ತೆಂದು ಆಕೆಗೂ ಆಗಲೇ ಗೊತ್ತಾದದ್ದು.

ಸೀತಾರಾಮ ಒಲೆಯನ್ನು ನೋಡಿದ, ಹೆಂಡತಿಯನ್ನು ನೋಡಿದ. ಆಮೇಲೆ ಪಂಚೆ ಸರಿಮಾಡಿಕೊಂಡು ಕಟ್ಟೆಯ ಮುಂದೆ ಎರಡೂ ಮಂಡಿಯೂರಿ ನಿಂತ. ಆಗ ಅವನ ತಲೆ ಸರಿಯಾಗಿ ಆಕೆಯ ತಲೆಯ ಮಟ್ಟಕ್ಕೆ ಬಂತು. ಜಾಲರಿ ತೆಗೆದುಕೊಂಡು, ಕತ್ತು ಚಾಚಿ, ಆರಿದ ಒಲೆಯ ಮೇಲಿನ ಬಾಣಲೆಗೆ ಕೈಹಾಕಲು ನೋಡಿದ. ಮೊಣಕೈ ಕಿವಿಯ ಹತ್ತಿರ ಹೋಯಿತು.

ಅಷ್ಟರಲ್ಲಿ ಬಾಗಿಲು ತೆರೆದು ವಿಂಧ್ಯಾ ಒಳಗೆ ಬಂದಳು, ಹಿಂದೆ ಉಮಾಕಾಂತ ದಂಪತಿ.

“ಪಪ್ಪಾ! ಏನ್ ಮಾಡ್ತಾ ಇದ್ದೀಯಾ? ಚೂಲ್ಹಾಗೆ ಪೂಜಾನಾ?” ಎಂದು ವಿಂಧ್ಯಾ ಒಲೆಯ ಮುಂದಿದ್ದ ಅಪ್ಪನ ಫೋಟೋ ತೆಗೆದೇಬಿಟ್ಟಳು.

“ಪೂಜೆ ಅಲ್ಲಮ್ಮ,” ಎಂದ ಸೀತಾರಾಮ, ಏಳದೆ. “ಪ್ರಾಯಶ್ಚಿತ್ತ.”

ಗಿರಿಜಾ ನಕ್ಕಿದ್ದು ಎದುರು ಮನೆಗೂ ಕೇಳಿಸಿರಬೇಕು. ಹೇತಲ್‌ಬೆನ್ ಕೂಡ ಬಂದು ಸೇರಿಕೊಂಡಳು. ಅಂಬೊಡೆ ಸೀದು ಹೋಗಿದ್ದರೂ ಯಾರೂ ಬಿಡಲಿಲ್ಲ.

ಅತಿಥಿಗಳು ಹೊರಟ ಮೇಲೆ ಸೀತಾರಾಮ ಗಂಟಲು ಸರಿಮಾಡಿಕೊಂಡ. “ಎಷ್ಟು ಅಂತ ನಾನು ಹೇಳ್ಬೇಕಿತ್ತಲ್ವಾ? ಆರೂ ಮುಕ್ಕಾಲು. ನಾಳೇನೇ ಹೋಗಿ ಅಡ್ವಾನ್ಸ್ ಕೊಡೋಣ.”

ಗೆದ್ದರೂ ಇಂದುಮತಿಗೆ ಗೆದ್ದಂತೆ ಅನಿಸಲಿಲ್ಲ. ಕಟ್ಟೆ ತನ್ನ ಅಳತೆಗೆ ಇಳಿದರೆ ಈ ಆರಡಿಯ ಮನುಷ್ಯ ಎರಡೇ ದಿನದಲ್ಲಿ ಬೆನ್ನುನೋವೆಂದು ಸೋಫಾಕ್ಕೆ ವಾಪಸಾಗುತ್ತಾನೆ. ಬೆಳಗಿನ ಕಾಫಿಯೂ ಹೋಯಿತು, ಹಾಡೂ ಹೋಯಿತು.

“ಬೇಡ,” ಎಂದಳು. “ಆ ಮಿರಮಿರ ಮಿಂಚೋ ಬಾಗಿಲು ಯಾರಿಗೆ ಬೇಕು? ಗಾಜಿನ ಕಪಾಟು ಬೇಡ, ಒಳಗಡೆ ಲೈಟು ಬೇಡ. ಕಟ್ಟೆ ಒಡೆಸಿ ಎರಡು ಎತ್ತರ ಮಾಡಿಸೋಣ. ಕಿಟಕಿ ಕಡೆ ನನ್ನದು, ಈ ಕಡೆ ನಿಮ್ಮದು. ಎರಡಕ್ಕೂ ಒಂದೊಂದು ಒಲೆ.”

“ನನಗೂ ಒಲೆ?” ಎಂದ ಸೀತಾರಾಮ. ಮುಖ ಅರಳಿತು.

ಅಂಗಡಿಯ ಡಿಸೈನರ್ ಹುಡುಗಿ ಲ್ಯಾಪ್‌ಟಾಪಿನಲ್ಲಿ ಕಟ್ಟೆಯನ್ನು ಎರಡು ಮಾಡಿ ನೋಡಿ, ಅಂದ ಕೆಡುತ್ತದೆಂದು ಮುಖ ಸಿಂಡರಿಸಿದಳು. “ಆಂಟಿ, ಲುಕ್ ಖರಾಬ್ ಹೋ ಜಾಯೇಗಾ.”

“ಲುಕ್ ಖಾನಾ ನಹೀ ಪಕಾತಾ, ಬೇಟಾ,” ಎಂದಳು ಇಂದುಮತಿ. ಅಂದವೇನು ಅಡುಗೆ ಬೇಯಿಸುತ್ತದೆಯೇ? ಹುಡುಗಿ ನಕ್ಕು, ಬೇಡವಾದದ್ದನ್ನೆಲ್ಲ ಒಂದೊಂದಾಗಿ ಅಳಿಸಿದಳು. ಮೊತ್ತ ಮೂರು ಲಕ್ಷದ ಇಪ್ಪತ್ತು ಸಾವಿರಕ್ಕೆ ಬಂದು ನಿಂತಿತು. ದಂಪತಿ ಮುಖ ಮುಖ ನೋಡಿಕೊಂಡರು. ಒಬ್ಬರಿಗೆ ಅಂದುಕೊಂಡದ್ದಕ್ಕಿಂತ ಹೆಚ್ಚು, ಇನ್ನೊಬ್ಬರಿಗೆ ಕಡಿಮೆ, ಇಬ್ಬರಿಗೂ ಒಪ್ಪಿಗೆ.

ಕೆಲಸ ಮುಗಿಯುವವರೆಗೆ ಮನೆ ತುಂಬ ಧೂಳು, ಕಿವಿ ತುಂಬ ಡ್ರಿಲ್ಲು. ಒಂದು ದಿನ ಹೇತಲ್‌ಬೆನ್ ಮನೆಯ ಊಟ, ಒಂದು ದಿನ ರಸ್ತೆಬದಿಯ ದಾಬೇಲಿ ಬನ್ನು. ಕೊನೆಗೆ ಶುಕ್ರವಾರ ಒಳ್ಳೆಯ ದಿನ ನೋಡಿ ಹಾಲುಕ್ಕಿಸಿದರು. ಇಂದುಮತಿ ನೆಲದ ಮೇಲೆ ಬರಿಗಾಲಲ್ಲಿ ನಿಂತು, ನೊರೆ ಏರಿ ಬರುವುದನ್ನು ಬಗ್ಗಿ ಮೇಲಿನಿಂದ ನೋಡಿದಳು. ಮೂವತ್ತು ವರ್ಷ ಹಾಲು ಉಕ್ಕಿದ ಮೇಲೇ ಆಕೆಗೆ ಗೊತ್ತಾಗುತ್ತಿತ್ತು.

ಆ ಕಡೆ ಕಟ್ಟೆಯಲ್ಲಿ ಸೀತಾರಾಮ ಪಾಯಸಕ್ಕೆ ಗೋಡಂಬಿ ಹುರಿಯುತ್ತಿದ್ದ, ಮುಷ್ಟಿಗಟ್ಟಲೆ.

“ಅಷ್ಟೊಂದು ಯಾಕ್ರೀ?”

“ನಿನ್ನ ಕಟ್ಟೆ ನೀನು ನೋಡ್ಕೋ,” ಎಂದ ಅವನು, ತಿರುಗಿಯೂ ನೋಡದೆ. ಇಂದುಮತಿ ಹಿಂದಿನಿಂದ ಕೈಚಾಚಿ ಅವನ ಬಾಣಲೆಯಿಂದ ಬಿಸಿ ಗೋಡಂಬಿಯೊಂದನ್ನು ಎತ್ತಿ ಬಾಯಿಗೆ ಹಾಕಿಕೊಂಡಳು.