ಪುಸ್ತಕ ಸುಮ್ಮನಿದ್ದ ಕಡೆ

ಸಂಜೀವಯ್ಯನವರು ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿ ಇಪ್ಪತ್ತಾರು ವರ್ಷ ಕಳೆದಿದ್ದರು. ದಾಖಲೆಯಲ್ಲಿ ಇಲ್ಲದ್ದು ಲೋಕದಲ್ಲೂ ಇಲ್ಲ ಎಂದು ನಂಬಿದ್ದ ಮನುಷ್ಯ. ಅಂಥವರು ಭಾನುವಾರ ಮಧ್ಯಾಹ್ನ ಜಯನಗರದ ಮನೆಯಲ್ಲಿ ಚಾಪೆ ಹಾಸಿಕೊಂಡು ದಾಳ ಉರುಳಿಸುತ್ತಾರೆ ಎಂದರೆ ಕೋರ್ಟಿನಲ್ಲಿ ಯಾರೂ ನಂಬುತ್ತಿರಲಿಲ್ಲ.

ಆಟ ಕಲಿಸಿದವನು ಮಹಡಿಯ ಮೇಲೆ ಒಂದು ವರ್ಷ ಬಾಡಿಗೆಗಿದ್ದ ಪೀಟರ್. ಇರುವೆಗಳ ಬಗ್ಗೆ ಸಂಶೋಧನೆ ಮಾಡಲು ಇಂಗ್ಲೆಂಡಿನಿಂದ ಬಂದಿದ್ದ. ಮನೆಯೂ ಇಲ್ಲ, ಕಾಯಿಯೂ ಇಲ್ಲದ ಆಟ ಅದು. ಒಬ್ಬರು ಸೈನಿಕ, ಒಬ್ಬರು ಪೂಜಾರಿ, ಒಬ್ಬರು ಬಿಲ್ಲುಗಾರ್ತಿ ಹೀಗೆ ಪಾತ್ರವಾಗಿ ಕಾಡು, ಪಾಳುಕೋಟೆ ಅಲೆಯುತ್ತಾರೆ, ಅಲೆದಾಟವೆಲ್ಲ ಬಾಯಿಮಾತಿನಲ್ಲೇ. ಆಟ ನಡೆಸುವವರು ಎದುರಿಗೆ ಏನಿದೆ ಎಂದು ಹೇಳುತ್ತಾರೆ, ಉಳಿದವರು ತಾವೇನು ಮಾಡುತ್ತೇವೆ ಎಂದು ಹೇಳುತ್ತಾರೆ. ಅದು ಆಯಿತೋ ಇಲ್ಲವೋ ಎನ್ನುವುದನ್ನು ನಿಯಮ ನೋಡಿ, ದಾಳ ಹಾಕಿ ತೀರ್ಮಾನಿಸುವುದು. ೧೯೮೨ರಲ್ಲಿ ಊರಿಗೆ ಹೊರಟಾಗ ಪೀಟರ್ ತನ್ನ ದಾಳಗಳನ್ನೂ ನಿಯಮದ ಪುಸ್ತಕದ ಜೆರಾಕ್ಸ್ ಪ್ರತಿಯನ್ನೂ ಸಂಜೀವಯ್ಯನವರಿಗೆ ಕೊಟ್ಟು ಹೋದ. ಆ ಪ್ರತಿಯಲ್ಲಿ ಇಪ್ಪತ್ತೆರಡನೆಯ ಪುಟವಾದ ಮೇಲೆ ಇಪ್ಪತ್ತೇಳನೆಯದು ಬರುತ್ತಿತ್ತು.

ಅಂದಿನಿಂದ ಆಟ ನಡೆಸುವವರು ಸಂಜೀವಯ್ಯನವರೇ. ಆಡಲು ಬರುತ್ತಿದ್ದವರು ಮೂವರು. ಹೊಲವೆಲ್ಲ ಲೇಔಟಿಗೆ ಹೋದ ಮೇಲೆ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಸಾರಕ್ಕಿಯ ಬೈಲಪ್ಪ, ತ್ಯಾಗರಾಜನಗರದ ಟೈಪಿಸ್ಟ್ ಪಂಕಜಾ, ಮತ್ತು ಹೊಸಕೆರೆಹಳ್ಳಿಯ ಡಾಕ್ಟರೊಬ್ಬರ ಹತ್ತಿರ ಮೂವತ್ತು ವರ್ಷದಿಂದ ಕಾಂಪೌಂಡರ್ ಆಗಿದ್ದ ಸೋಮಲಿಂಗಪ್ಪ.

ಮರುವರ್ಷ ಆಷಾಢದ ಒಂದು ಭಾನುವಾರ ಕೋಟೆಯ ಬಾಗಿಲಲ್ಲಿ ಕಾಳಗ ನಡೆದಿತ್ತು. ಪೂಜಾರಿಯ ಪಾತ್ರದ ಬೈಲಪ್ಪ ಅಂದು ಬಂದಿರಲಿಲ್ಲ. ಪಂಕಜಾ ವರ್ಷಕ್ಕೂ ಮೇಲ್ಪಟ್ಟು ಆಡಿಕೊಂಡು ಬಂದಿದ್ದ ಬಿಲ್ಲುಗಾರ್ತಿ ಹೊನ್ನಿಯ ತೊಡೆಗೆ ಈಟಿ ತಗುಲಿತು. ಏಟು ಬಿದ್ದಷ್ಟೂ ಕಳೆಯುತ್ತ ಹೋಗುವ ಅವಳ ಪ್ರಾಣದ ಅಂಕ ಸೊನ್ನೆಗೆ ಇಳಿಯಿತು. ಸೊನ್ನೆ ಎಂದರೆ ಸಾವು ಎಂದು ಪುಸ್ತಕದಲ್ಲಿತ್ತು. ಸೈನಿಕನಾಗಿದ್ದ ಸೋಮಲಿಂಗಪ್ಪ ಮುಂದಕ್ಕೆ ಬಾಗಿ, ಸೊಂಟದ ವಸ್ತ್ರ ಹರಿದು ಗಾಯದ ಮೇಲ್ಗಡೆ ಬಿಗಿಯಾಗಿ ಕಟ್ಟುತ್ತೇನೆ ಎಂದರು.

ಸಂಜೀವಯ್ಯನವರು ಪುಟ ತಿರುವಿದರು. "ವಾಸಿ ಮಾಡೋದು ಪೂಜಾರಿಗೆ ಮಾತ್ರ. ನೀವು ಸೈನಿಕರು."

"ವಾಸಿ ಮಾಡ್ತೀನಿ ಅನ್ಲಿಲ್ಲ ಸಂಜೀವಯ್ಯನೋರೆ. ರಕ್ತ ನಿಲ್ಲಿಸ್ತೀನಿ ಅಂದೆ. ಅದು ಬೇರೆ, ಇದು ಬೇರೆ."

"ಪುಸ್ತಕದಲ್ಲಿಲ್ಲ."

"ಇರೋ ಪುಟಗಳಲ್ಲಿ ಇಲ್ಲ."

"ಇಲ್ಲದ ಪುಟ ನೋಡಿ ನಾನು ಹೇಳೋಕಾಗಲ್ಲ," ಎಂದರು ಸಂಜೀವಯ್ಯ. ಹೊನ್ನಿ ಸತ್ತಳು.

ಪಂಕಜಾ ತನ್ನ ಕಾಗದ ಮಡಿಸಿ ಬ್ಯಾಗಿಗೆ ಹಾಕಿಕೊಂಡಳು. ಕಾಗದದ ಮೇಲಿನ ಹೆಂಗಸಿಗಾಗಿ ಕಣ್ಣು ತುಂಬಿದ್ದಕ್ಕೆ ಅವಳಿಗೇ ನಾಚಿಕೆಯಾದಂತಿತ್ತು. ಮುಂದಿನ ವಾರ ಬೇರೆ ಪಾತ್ರ ಹಿಡಿದು ಬಂದಳು. ಸೋಮಲಿಂಗಪ್ಪ ಮೂರು ಭಾನುವಾರ ಬಂದರು. ಕೇಳಿದಾಗ ಹೊಡೀತೀನಿ, ಕಾಯ್ತೀನಿ ಎನ್ನುವುದನ್ನು ಬಿಟ್ಟು ಒಂದು ಮಾತೂ ಹೆಚ್ಚು ಆಡಲಿಲ್ಲ. ನಾಲ್ಕನೆಯ ವಾರದಿಂದ ಬರುವುದನ್ನೇ ನಿಲ್ಲಿಸಿದರು.

ತಾವು ಮಾಡಿದ್ದು ನಿಯಮದ ಪ್ರಕಾರವೇ ಎಂದು ಸಂಜೀವಯ್ಯನವರು ಎಷ್ಟು ಸಲ ಹೇಳಿಕೊಂಡರೂ ಮನಸ್ಸು ಒಪ್ಪಲಿಲ್ಲ. ದಸರಾ ಕಳೆದ ಮೇಲೆ ಪೀಟರನಿಗೆ ಕಾಗದ ಬರೆದು, ಇಲ್ಲದ ನಾಲ್ಕು ಪುಟ ಕಳಿಸು ಎಂದು ಕೇಳಿಕೊಂಡರು. ಡಿಸೆಂಬರಿನಲ್ಲಿ ಲಕೋಟೆ ಬಂತು. ಹೈಕೋರ್ಟಿನ ಆದೇಶ ಒಡೆಯುವವರ ಹಾಗೆ ಅದನ್ನು ಒಡೆದರು. ಎರಡು ಪುಟದಲ್ಲಿ ಚಿತ್ರಗಳು. ಇನ್ನೆರಡರಲ್ಲಿ ಹಗ್ಗ, ಲಾಟೀನು, ಡೇರೆ ಇವುಗಳ ತೂಕದ ಪಟ್ಟಿ. ಗಾಯ ಕಟ್ಟುವ ಮಾತೇ ಇರಲಿಲ್ಲ. ಜೊತೆಗಿದ್ದ ಚೀಟಿಯಲ್ಲಿ ಪೀಟರ್, ಇಂಥದ್ದಕ್ಕೆಲ್ಲ ತಾನು ಪುಸ್ತಕ ನೋಡುತ್ತಲೇ ಇರಲಿಲ್ಲ, ಪುಸ್ತಕ ಸುಮ್ಮನಿದ್ದ ಕಡೆ ಆಟ ನಡೆಸುವವನೇ ಯೋಚಿಸಬೇಕು ಎಂದು ಬರೆದಿದ್ದ.

ಕಟ್ಟಬಹುದು ಎಂದಿದ್ದರೆ ಕ್ಷಮೆ ಕೇಳಬಹುದಿತ್ತು. ಕೂಡದು ಎಂದಿದ್ದರೆ ಹಗುರಾಗಬಹುದಿತ್ತು. ಎರಡೂ ಇಲ್ಲ. ಅವರು ಚೀಟಿಯನ್ನು ಹೆಂಡತಿಗೆ ಓದಿ ಹೇಳಿದರು. ಅವರೆಕಾಯಿ ಸುಲಿಯುತ್ತ ಕೂತಿದ್ದ ನಾಗಲಕ್ಷ್ಮಮ್ಮ ತಲೆ ಎತ್ತಲಿಲ್ಲ.

"ಕೋರ್ಟಲ್ಲಿ ನೀವು ಪುಸ್ತಕ ತೆಗೆದುಕೊಡ್ತೀರಿ, ತೀರ್ಪು ಹೇಳೋರು ಮೇಲೆ ಕೂತಿರ್ತಾರೆ. ಇಲ್ಲಿ ಮೇಲೆ ಯಾರು ಕೂತಿದ್ರು?"

ಸಂಜೀವಯ್ಯನವರು ಚೀಟಿ ಮಡಿಸಿ ಪುಟಗಳ ಜೊತೆ ಲಕೋಟೆಯೊಳಗೆ ಇಟ್ಟರು.

ಶನಿವಾರ ಸಂಜೆ ಅವರು ಹೊಸಕೆರೆಹಳ್ಳಿಯ ಬಸ್ಸು ಹತ್ತಿದರು. ಡಾಕ್ಟರ ಶಾಪಿನ ಬೆಂಚಿನ ಮೇಲೆ ಅರ್ಧ ಗಂಟೆ ಕಾಯಬೇಕಾಯಿತು. ಒಳಗೆ ಸೋಮಲಿಂಗಪ್ಪ ಕುಡುಗೋಲು ತಾಗಿದ ಹೆಂಗಸೊಬ್ಬಳ ಕೈಗೆ ಪಟ್ಟಿ ಸುತ್ತುತ್ತಿದ್ದರು. ಒಂದು ಸುತ್ತಿಗೊಮ್ಮೆ ಕೈ ನಿಲ್ಲಿಸಿ ಅವಳ ಮುಖ ನೋಡುತ್ತಿದ್ದರು. ನೋವು ಎಷ್ಟಿದೆ ಎಂಬುದನ್ನು ಅಲ್ಲಿಂದಲೇ ತಿಳಿದುಕೊಳ್ಳುತ್ತಿದ್ದಂತೆ ಕಂಡಿತು. ಆಕೆ ಹೋದ ಮೇಲೆ ಸಂಜೀವಯ್ಯನವರು ಪುಟಗಳನ್ನು ಮೇಜಿನ ಮೇಲಿಟ್ಟು ಅದರಲ್ಲಿ ಏನಿದೆ, ಏನಿಲ್ಲ ಎಂದು ವಿವರಿಸಿದರು.

"ಹೊನ್ನೀನ ಸಾಯಿಸಿದ್ದು ಪುಸ್ತಕ ಅಲ್ಲ. ನಾನು," ಎಂದರು.

ಸೋಮಲಿಂಗಪ್ಪ ನಿಧಾನವಾಗಿ ಕೈ ತೊಳೆದರು. "ಸತ್ತಳು ಅಂತ ನನಗೆ ಬೇಜಾರಿಲ್ಲ. ಈ ಕೈಲಿ ಕಟ್ಟಿದೋರು ಎಷ್ಟೋ ಜನ ಉಳಿದಿಲ್ಲ. ಆದ್ರೆ ಕಟ್ಟಬೇಡ ಅಂತ ಇದುವರೆಗೂ ಯಾರೂ ನನಗೆ ಹೇಳಿರಲಿಲ್ಲ."

ಮಾರನೆಯ ದಿನ ನಾಲ್ವರೂ ಸೇರಿದರು. ಸಂಜೀವಯ್ಯನವರು ನಡೆದದ್ದನ್ನೆಲ್ಲ ಹೇಳಿ, ಹೊನ್ನಿ ಪಂಕಜಾಳ ಪಾತ್ರವಾದ್ದರಿಂದ ಮುಂದಿನದನ್ನು ಅವಳೇ ಹೇಳಬೇಕು ಎಂದರು. ಅವಳು ಬ್ಯಾಗಿನಿಂದ ಹೊನ್ನಿಯ ಕಾಗದ ತೆಗೆದು ಚಾಪೆಯ ಮೇಲೆ ಬಿಡಿಸಿಟ್ಟಳು.

"ಸುಮ್ಮನೆ ಎಬ್ಬಿಸಬೇಡಿ ಸಾರ್. ಅದು ಹೊನ್ನಿಗೆ ಮರ್ಯಾದೆ ಅಲ್ಲ. ಇವರು ಅವತ್ತು ಕಟ್ತೀನಿ ಅಂದ್ರಲ್ಲ, ಕಟ್ಲಿ. ಉಳಿದ್ರೆ ಉಳೀಲಿ."

ಸಂಜೀವಯ್ಯನವರು ಪುಸ್ತಕ ಮುಚ್ಚಿ ಪಕ್ಕಕ್ಕೆ ಸರಿಸಿದರು. ಯಾವ ಬಟ್ಟೆ, ಎಷ್ಟು ಅಗಲ, ಎಲ್ಲಿ ಗಂಟು ಎಂದು ಒಂದೊಂದಾಗಿ ಕೇಳಿದರು. ಸೋಮಲಿಂಗಪ್ಪ ಹೇಳಿದರು. ಬಟ್ಟೆಗೆ ಈಟಿಯ ಮುರಿದ ಕೋಲು ಸಿಕ್ಕಿಸಿ ತಿರುಚುತ್ತೇನೆ ಎಂದರು, ಕಾಲನ್ನು ತಮ್ಮ ಹೆಗಲ ಮೇಲೆ ಎತ್ತಿ ಇಟ್ಟುಕೊಳ್ಳುತ್ತೇನೆ ಎಂದರು. ಹೇಳುತ್ತಿದ್ದ ಹಾಗೆ ಅವರ ಕೈಗಳೂ ಆಡುತ್ತಿದ್ದವು. ರಕ್ತ ಬಹಳ ಹೋಗಿದೆ ಎಂದು ಸಂಜೀವಯ್ಯನವರು ತಿಳಿಸಿದರು. ಆಮೇಲೆ ಇಪ್ಪತ್ತು ಮುಖದ ದಾಳವನ್ನು ಸೋಮಲಿಂಗಪ್ಪನವರ ಕೈಗಿಟ್ಟರು.

"ಹನ್ನೆರಡೋ ಅದಕ್ಕಿಂತ ಮೇಲೋ ಬಿದ್ರೆ ಉಳೀತಾಳೆ. ಈ ಹನ್ನೆರಡು ನಾನು ಇಟ್ಟಿದ್ದು, ಪುಸ್ತಕದ್ದಲ್ಲ."

ದಾಳ ಚಾಪೆಯ ಮೇಲೆ ಉರುಳಿ ನಿಂತಿತು. ಒಂಬತ್ತು.

ಇನ್ನೊಂದು ಸಲ ಹಾಕಿ ಎಂದು ಬೈಲಪ್ಪ ಮೆಲ್ಲಗೆ ಅಂದರು. ಸೋಮಲಿಂಗಪ್ಪ ತಲೆಯಾಡಿಸಿ ಬೇಡ ಎಂದರು.

ಪಂಕಜಾ ಕೇಳಿದಳು: "ಅವರು ಕಟ್ಟೋವಾಗ ಅವಳಿಗೆ ಎಚ್ಚರ ಇತ್ತಾ ಸಾರ್?"

ಇದಕ್ಕೂ ಉತ್ತರ ತಾವೇ ಕೊಡಬೇಕು ಎಂಬುದು ಸಂಜೀವಯ್ಯನವರಿಗೆ ತಿಳಿಯಿತು. ಅವರು ಅವಸರ ಮಾಡಲಿಲ್ಲ.

"ಇತ್ತಮ್ಮ. ಇವರ ಮುಖಾನೇ ನೋಡ್ತಿದ್ಲು."

ಸೋಮಲಿಂಗಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿಕೊಂಡರು. ಆ ದಿನ ಆಟ ಮುಂದೆ ಸಾಗಲಿಲ್ಲ. ಕಾಫಿ ಕುಡಿದು ಎಲ್ಲರೂ ಎದ್ದರು. ಮುಂದಿನ ಭಾನುವಾರ ಸೋಮಲಿಂಗಪ್ಪ ಉಳಿದವರಿಗಿಂತ ಮೊದಲೇ ಬಂದು ಕೂತಿದ್ದರು.