ಆ ಬಾವಿಯಲ್ಲಿ ಈ ಸಲ ಈಜು ಬೇಡ

ತುಮಕೂರಿನ ಶಿರಾ ಗೇಟಿನ ಸುತ್ತ ಆ ಬೇಸಿಗೆ ಕಾಲರಾ ಕಾಣಿಸಿಕೊಂಡಿತ್ತು. ಆದರೂ ಖುರ್ಷಿದಾ ಬೇಗಂ ಮಕ್ಕಳ ಬಟ್ಟೆ ಗಂಟು ಕಟ್ಟುತ್ತಿದ್ದಳು. ಮನೆಮನೆಗೆ ಬರುತ್ತಿದ್ದ ನರ್ಸ್ ಹೊಂಬಾಳಮ್ಮ ಬಾಗಿಲಲ್ಲೇ ನಿಂತರು.

"ಎಲ್ಗಮ್ಮಾ ಸವಾರಿ?"

"ಗುಬ್ಬಿ ಹತ್ರ, ನಮ್ಮ ಸ್ನೇಹದ ದೊಡ್ಡಗಂಗಮ್ಮಕ್ಕನ ತೋಟಕ್ಕೆ. ರಜಾ ಬಂದ್ರೆ ಹೋಗ್ತೀವಲ್ಲ. ಹಲಸಿನ ಹಣ್ಣು, ಮಕ್ಕಳಿಗೆ ಬಾವೀಲಿ ಈಜು."

"ಈಗ ಬೇಡ ಕಣಮ್ಮ."

ಗಂಡ ಮುನಾವರ್ ಪಾಷಾ ಅಂಗಿಯ ತೋಳು ಮಡಚಿ ತೋರಿಸಿದ. "ನೀವೇ ಸೂಜಿ ಚುಚ್ಚಿದ್ದು ನರ್ಸಮ್ಮ! ನೋಡಿ, ಬದನೆಕಾಯಿ ಥರ ಊದ್ಕೊಂಡೈತೆ. ಇನ್ನೇನ್ ಭಯ?"

"ಸೂಜಿ ಏನು ಬಸ್ ಟಿಕೇಟಾ ಪಾಷಾ? ಸೂಜಿ ಹಾಕಿಸ್ಕೊಂಡೋರಿಗೂ ಕಾಲರಾ ಬರ್ಬೋದು. ನೋಡೋಕೆ ಗಟ್ಟಿಯಾಗಿದ್ದೋರ ಹೊಟ್ಟೇಲೂ ಆ ಕ್ರಿಮಿ ಇರ್ಬೋದು. ಅವರಿಂದ ನೀರಿಗೆ ಸೇರಿದ್ರೆ ಮುಗೀತು."

"ನಮ್ಮನೇಲಿ ಯಾರಿಗೂ ಏನೂ ಆಗಿಲ್ಲ ಬುಡಿ."

ಖುರ್ಷಿದಾ ಗಂಟು ಬಿಟ್ಟು ತಲೆ ಎತ್ತಿದಳು. "ಹೋದ ವಾರ ನಮ್ಮ ಚಿಕ್ಕೋಳು ಅಮೀನಾಗೆ ಭೇದಿ ಆಗಿತ್ತು ಕಣ್ರೀ. ಹಲ್ಲು ಬರ್ತಿದೆ ಅಂದ್ಕೊಂಡು ಸುಮ್ನಾದೆ."

ಹೊಂಬಾಳಮ್ಮ ಬೈಯಲಿಲ್ಲ. "ಆ ಬಾವಿ ನೀರು ಯಾರು ಕುಡೀತಾರೆ?" ಎಂದು ಮಾತ್ರ ಕೇಳಿದರು.

"ಊರ ಬಾವಿ ಬತ್ತೋಗೈತೆ. ಈಗ ಊರಿಗೆಲ್ಲ ಅದೇ ನೀರು. ಅಕ್ಕನ ಮಗಳು ಬಾಣಂತಿ ಬೇರೆ, ಹಸಿ ಕೂಸು..."

ವರ್ಷವೆಲ್ಲ ಖುರ್ಷಿದಾ ಕಾಯುತ್ತಿದ್ದುದು ದೊಡ್ಡಗಂಗಮ್ಮನ ಜಗಲಿಯಲ್ಲಿ ಕಾಲು ಚಾಚಿ, ಒಲೆಯ ಯೋಚನೆ ಇಲ್ಲದೆ ಕೂರುವ ಒಂದು ಮಧ್ಯಾಹ್ನಕ್ಕೆ. ಈ ಮನೆಯಲ್ಲಿ ಅವಳನ್ನು "ಊಟ ಆಯ್ತೇನೇ?" ಎಂದು ಕೇಳುವವರಿಲ್ಲ. ಅಲ್ಲಿ ಇದ್ದರು. ಹಾಗೆ ಕೇಳುವವಳ ಬಾವಿಗೆ ಕಾಯಿಲೆ ಹೊತ್ತೊಯ್ಯುವುದೇ? ಅವಳು ಗಂಟು ಬಿಚ್ಚತೊಡಗಿದಳು.

"ಅಕ್ಕ ಬೇಜಾರ್ ಮಾಡ್ಕೋತಾಳೆ ಕಣೇ," ಎಂದ ಪಾಷಾ. ಅವನ ದನಿ ಮೆತ್ತಗಾಗಿತ್ತು.

"ಮಾಡ್ಕೊಳ್ಲಿ. ಬೈಯೋಕಾದ್ರೂ ಗಟ್ಟಿಯಾಗಿರ್ಲಿ."

"ಸರಿ ಬುಡು. ಗುಬ್ಬಿ ಬಸ್ಸಿನ ಕಂಡಕ್ಟರ್ ಕೈಲಿ ಹೇಳಿ ಕಳಿಸ್ತೀನಿ, ನಾವು ಬರಲ್ಲ ಅಂತ," ಎನ್ನುತ್ತ ಪಾಷಾ ಹೊರಗೆ ಹೆಜ್ಜೆ ಇಟ್ಟ.

"ಬರಲ್ಲ ಅನ್ಬೇಡಿ ರೀ!" ಖುರ್ಷಿದಾ ಬಾಗಿಲವರೆಗೂ ಓಡಿ ಬಂದಳು. "ಜಗಳ ಆಡಿದೋರು ಹೇಳೋ ಮಾತದು. ಕಾಯಿಲೆ ಹೋದ್ಮೇಲೆ ಬರ್ತೀವಿ ಅನ್ನಿ. ಕೂಸಿಗೆ ಕುಲಾವಿ ಹೊಲಿದಿಟ್ಟಿದೀನಿ ಅಂತಾನೂ ಹೇಳಿ."

ಅಕ್ಕ ತಂಗಿಯರೇ, ನಿಮ್ಮ ಪೇಟೆಯಲ್ಲಿ ಕಾಯಿಲೆ ಹಬ್ಬಿದ್ದರೆ ತೋಟ, ಕೆರೆ, ಈಜು ಎಂದು ಹಳ್ಳಿಗೆ ಹೊರಡಬೇಡಿ. ಅಲ್ಲಿ ಇಡೀ ಊರಿಗೆ ಒಂದೇ ಬಾವಿ ಇರಬಹುದು, ಆಸ್ಪತ್ರೆ ದೂರವಿರಬಹುದು. ನೀರು ಕುದಿಸಿ ಕುಡಿಯಿರಿ. ಮಗುವಿಗೆ ಭೇದಿಯಾದರೆ ಮುಚ್ಚಿಡದೆ ನರ್ಸಮ್ಮನಿಗೆ ಹೇಳಿ. ನಿಮ್ಮ ದಾರಿ ಕಾಯುವವರಿಗೆ "ಆಮೇಲೆ ಬರ್ತೀವಿ" ಎಂದು ಇವತ್ತೇ ಹೇಳಿ ಕಳಿಸಿ. ನೀವು ಹೋಗುವ ದಿನ ಆ ಮನೆಯಲ್ಲಿ ಎಲ್ಲರೂ ಇರಬೇಕಲ್ಲವೇ?