ಕಿವಿ ಪರೀಕ್ಷೆ

“ಬಾರೇ ಇಲ್ಲಿ, ಲೌಡಿ! ಕಿವೀಗೇನ್ ಸಗಣಿ ಮೆತ್ಕೊಂಡಿದೀಯಾ?”

ಸೂಪರ್‌ವೈಸರ್ ವಸಂತ ಬೈದದ್ದರಲ್ಲಿ ನನಗೆ ಕೇಳಿಸಿದ್ದು ಅರ್ಧ. ಉಳಿದದ್ದನ್ನು ಅವನ ತುಟಿ ನೋಡಿ ತಿಳಿದುಕೊಂಡೆ. ದಾಸರಹಳ್ಳಿಯ ಫ್ಲೈಓವರ್ ಕೆಳಗೆ ಹನ್ನೊಂದು ವರ್ಷ ಕಸ ಗುಡಿಸಿದವಳಿಗೆ ಅಷ್ಟು ವಿದ್ಯೆ ಬಂದಿರುತ್ತದೆ. ತಲೆಯ ಮೇಲೆ ಲಾರಿ, ಎದುರಿಗೆ ಲಾರಿ, ಪಕ್ಕದಲ್ಲಿ ಮೆಟ್ರೊ. ಸದ್ದಿಗೆ ಹೊರಗೆ ಹೋಗಲು ದಾರಿಯಿಲ್ಲ, ನಮ್ಮ ತಲೆಯೊಳಗೇ ಬಿಡಾರ ಹೂಡಿದೆ.

ಹೋದ ವಾರ, ನಮ್ಮ ಜೊತೆ ಗುಡಿಸುತ್ತಿದ್ದ ಬಸಕ್ಕನ ಮೇಲೆ ರಿವರ್ಸ್ ಬರುತ್ತಿದ್ದ ಟಿಪ್ಪರ್ ಹತ್ತಿತು. ಡ್ರೈವರ್ ಹಾರನ್ ಹೊಡೆದಿದ್ದನಂತೆ. ಅವಳಿಗೆ ಕೇಳಿಸಲಿಲ್ಲ. ಅವಳನ್ನು ಮಣ್ಣು ಮಾಡಿದ ಮೂರನೇ ದಿನ ಕಂಟ್ರಾಕ್ಟರ್ ಹುಕುಂ ಬಂತು: ಎಲ್ಲರಿಗೂ ಕಿವಿ ಪರೀಕ್ಷೆ, ಕಿವುಡರು ಮನೆಗೆ.

ನನಗಿಂತ ಮೊದಲು ಪರೀಕ್ಷೆಯ ವ್ಯಾನು ಹತ್ತಿದ ಸೊಣ್ಣಮ್ಮ ಇಳಿದಾಗ ಕೈಯಲ್ಲಿ ಪೊರಕೆ ಇರಲಿಲ್ಲ. ಹೆಬ್ಬೆಟ್ಟಿಗೆ ಮಸಿ ಹತ್ತಿತ್ತು.

“ಕೆಲ್ಸಕ್ ಸೇರೋವಾಗ್ಲೇ ನಾನು ಕಿವುಡಿ ಆಗಿದ್ನಂತೆ ಕಣವ್ವ. ಅಂಗಂತ ಬರ್ದು ಒತ್ತುಸ್ಕಂಡ್ರು, ಇನ್ ಪರಿಹಾರ ಕೇಳಂಗಿಲ್ವಂತೆ,” ಅಂದಳು.

ಗಂಡ ಹೋಗಿ ಆರು ವರ್ಷ. ಈ ಪೊರಕೆ ಬಿಟ್ಟರೆ ಲಗ್ಗೆರೆಯ ಮನೆಯಲ್ಲಿ ಒಲೆ ಹತ್ತುವುದಿಲ್ಲ. ಮಷೀನು ಒತ್ತುವವರ ಬೆರಳು ನೋಡಿಕೊಂಡು ಪಾಸಾಗಿಬಿಡೋಣ ಅಂದುಕೊಂಡೆ.

ಮಷೀನಿನ ಹತ್ತಿರ ಇದ್ದದ್ದು ಒಬ್ಬ ಮೆತ್ತಗಿನ ಹುಡುಗಿ. “ಕುಂಯ್ ಅಂತ ಸೌಂಡ್ ಬರುತ್ತೆ ಅಕ್ಕ. ಕೇಳಿಸಿದ್ರೆ ಕೈ ಎತ್ತಿ, ನಿಂತ್ಮೇಲೆ ಇಳಿಸಿ,” ಎಂದವಳು ನನ್ನ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿಬಿಟ್ಟಳು. ನನ್ನ ಉಪಾಯ ಅಲ್ಲಿಗೇ ಮಣ್ಣುಪಾಲಾಯಿತು.

ದಪ್ಪನೆಯ ಹೆಡ್‌ಫೋನ್ ಕಿವಿ ಮುಚ್ಚಿತು. ರಸ್ತೆ ನಿಂತುಹೋಯಿತು. ಆಗ ಕೇಳಿಸಿತು, ಕುಂಯ್. ಕೈ ಎತ್ತಿದೆ. ಸದ್ದು ನಿಲ್ಲಲಿಲ್ಲ. ಎರಡು ವರ್ಷದಿಂದ ಕೂತರೂ ಮಲಗಿದರೂ ನನ್ನ ಕಿವಿಯೊಳಗೆ ಕೂಗುತ್ತಿರುವುದೂ ಇದೇ ಸದ್ದು. ಮಷೀನಿನದು ಯಾವುದು, ನನ್ನದು ಯಾವುದು? ಕೈ ಮೇಲೇ ಇತ್ತು.

ಹುಡುಗಿ ಹೆಡ್‌ಫೋನ್ ತೆಗೆದು ನನ್ನ ಮುಂದೆ ಬಂದು ನಿಂತಳು. “ಅಕ್ಕ, ನಾನಿನ್ನೂ ಶುರುನೇ ಮಾಡಿಲ್ಲ.”

ವಸಂತ ಮಸಿಡಬ್ಬಿ ಹಿಡಿದು ಒಳಗೆ ನುಗ್ಗಿದ. “ನಾಟ್ಕ ಆಡ್ತಾಳೆ ಮುಂಡೆ. ಕೈ ಇಳ್ಸೇ! ಹೆಬ್ಬೆಟ್ ಕೊಡು.”

ಸೊಣ್ಣಮ್ಮನ ಹಾಗೆ ಒತ್ತಿ ಇಳಿದುಹೋದರೆ ಬೈಗುಳವಾದರೂ ನಿಲ್ಲುತ್ತಿತ್ತು.

“ಕೇಳಿಸ್ತಾ ಐತೆ ಸಾ,” ಅಂದೆ. “ಕೆಲ್ಸಕ್ ಬರೋವಾಗ ಈ ಸದ್ದು ಇರ್ಲಿಲ್ಲ. ನಿಮ್ ರೋಡೇ ಕೊಟ್ಟಿದ್ದು. ನಿಂತ್ ಮ್ಯಾಕೆ ಇಳಿಸ್ತೀನಿ.”

ಅವನು ನನ್ನ ಮೊಣಕೈ ಹಿಡಿದು ಜಗ್ಗಿದ, ಹೆಬ್ಬೆಟ್ಟಿಗೆ ಕೈ ಹಾಕಿದ. ನಾನು ಹೆಬ್ಬೆಟ್ಟನ್ನು ಒಳಗೆ ಮಡಚಿ, ಅದರ ಮೇಲೆ ನಾಲ್ಕೂ ಬೆರಳು ಬಿಗಿದೆ. ಆ ಕೈಯನ್ನು ಇನ್ನೂ ಸ್ವಲ್ಪ ಮೇಲಕ್ಕೆತ್ತಿದೆ.